ಓಡದೆ ಗೆದ್ದ ಇನ್ನೂರು ಮೀಟರು

ಕ್ರೀಡಾಕೂಟದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಗೆದ್ದಿದ್ದಾಳೆ. ಅದರ ವಿರುದ್ಧ ದೂರು ಹೇಳಲು ಈ ಪತ್ರ. ದೂರನ್ನು ಮೊದಲು ನಿಮ್ಮ ಕಚೇರಿಗೇ ತಂದಿದ್ದೆ. ಅಲ್ಲಿ ಕಿಟಕಿಯ ಪಕ್ಕ ಕುಳಿತಿದ್ದವರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಅಷ್ಟಕ್ಕೆ ನಾನು ಕೃತಜ್ಞ. ಆಮೇಲೆ ಅವರು, "ಸಾರ್, ಸೋತೋರು ಕಂಪ್ಲೇಂಟ್ ಹಿಡ್ಕೊಂಡ್ ಬರ್ತಾರೆ, ಗೆದ್ದೋರು ಸ್ವೀಟ್ ಹಿಡ್ಕೊಂಡ್ ಬರ್ತಾರೆ. ನಿಮ್ದು ಯಾವ್ದು ಅಂತ ಬರ್ಕೊಳ್ಳೋಣ?" ಎಂದರು. ನಾನು ದೂರಿನ ಹಾಳೆ ಮಡಿಸಿಕೊಂಡೆ. ಎದ್ದು ಬಂದೆ. ಬಸ್ಸಿನಲ್ಲಿ ಯೋಚಿಸಿದಾಗ ಅವರು ಕೇಳಿದ್ದು ಸರಿಯಾಗಿಯೇ ಇತ್ತು ಅನ್ನಿಸಿತು. ಗೆದ್ದವರು ಅಳಬಾರದೆಂಬ ನಿಯಮದ ಮೇಲೆಯೇ ನಿಮ್ಮ ಇಲಾಖೆ ನಿಂತಿರಬೇಕು. ಆದ್ದರಿಂದ ನಿಮ್ಮ ಕಿಟಕಿಯಲ್ಲಿ ಹಿಡಿಸದ ಮಾತನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನಾನು ಬೈರಕೂರಿನವನು. ಮುಳಬಾಗಿಲಿನಲ್ಲಿ ಮಂಡಿ ಅಂಗಡಿಗಳಿಗೆ ಲೆಕ್ಕ ಬರೆಯುತ್ತೇನೆ. ಮಗಳು ಸೌಪರ್ಣಿಕಾ ಐದನೇ ತರಗತಿ, ಮನೆಯಲ್ಲಿ ಪರ್ಣಿ. ಅವಳ ಬೆಂಚಿನ ಜೊತೆಗಾತಿ ಆಂಜಿ, ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಾರುಕಟ್ಟೆಗೆ ಲಗೇಜ್ ಆಟೋದಲ್ಲಿ ಸಾಗಿಸುವ ಮುನಿಶಾಮಿಯ ಮಗಳು. ಇಬ್ಬರಿಗೂ ಓಟದ ಹುಚ್ಚು. ಬಾವಿಯವರೆಗೆ, ಬಸ್ಸಿನವರೆಗೆ, ಊಟದ ಗಂಟೆ ಹೊಡೆದರೆ ತಟ್ಟೆಯವರೆಗೆ ಓಡುತ್ತಿದ್ದರು. ಹೆಚ್ಚು ಸಲ ಆಂಜಿ ಮುಂದೆ, ಒಮ್ಮೊಮ್ಮೆ ಪರ್ಣಿ. ಆ ಒಮ್ಮೊಮ್ಮೆಗಾಗಿ ನನ್ನ ಮಗಳು ಬೆಳಗ್ಗೆ ಏಳುತ್ತಿದ್ದಳು. ಹೋಬಳಿ ಮಟ್ಟದಲ್ಲಿ ಇಬ್ಬರೂ ಆಯ್ಕೆಯಾದಾಗ ತಾಲ್ಲೂಕಿನಲ್ಲಿ ಯಾರು ಮುಂದೆ ಎಂಬ ಪ್ರಶ್ನೆ ನಮ್ಮ ಬೀದಿಯಲ್ಲಿ ಸಣ್ಣ ಚುನಾವಣೆಯಂತೆ ಆಯಿತು.

ಇನ್ನು ನಿಮ್ಮ ಕ್ರೀಡಾಕೂಟ. ಬೆಳಗ್ಗೆ ಮಕ್ಕಳನ್ನು ಪಥಸಂಚಲನದ ಸಾಲಿನಲ್ಲಿ ನಿಲ್ಲಿಸಿದಿರಿ. ಅತಿಥಿಗಳು ಬರಲಿಲ್ಲ. ಅತಿಥಿಗಳಿಲ್ಲದೆ ಜ್ಯೋತಿ ಹೊತ್ತುವುದಿಲ್ಲ, ಜ್ಯೋತಿ ಹೊತ್ತದೆ ಓಟ ಶುರುವಾಗುವುದಿಲ್ಲ. ಮಕ್ಕಳ ಕಾಲು ಓಡಬೇಕಾದರೆ ದೊಡ್ಡವರ ಕೈಯಲ್ಲಿ ಬೆಂಕಿ ಇರಬೇಕೆಂಬ ಈ ವಿಜ್ಞಾನವನ್ನು ಯಾರು ಕಂಡುಹಿಡಿದರೋ ನನಗೆ ತಿಳಿಯದು. ಹಗ್ಗದ ಹೊರಗೆ ನಾವು ಅಪ್ಪ ಅಮ್ಮಂದಿರು ನಿಂತಿದ್ದೆವು. ನೀರಿನ ಬಾಟಲಿ ಕೊಡಲು ಒಳಗೆ ಹೋದ ಒಬ್ಬ ತಾಯಿಯನ್ನು ಪಿ.ಟಿ. ಮೇಷ್ಟ್ರೊಬ್ಬರು ಸೀಟಿ ಊದಿ ಹೊರಗೆ ಕಳಿಸಿದರು. ಆ ದಿನ ನಾನು ಕೇಳಿದ ಮೊದಲ ಸೀಟಿ ಅದು. ಅತಿಥಿಗಳು ಬಂದಾಗ ಊಟದ ಹೊತ್ತು ದಾಟಿತ್ತು. ಅವರು ಮಕ್ಕಳಿಗೆ ಸಮಯಪಾಲನೆಯ ಮಹತ್ವದ ಬಗ್ಗೆ ಮಾತಾಡಿದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಟ್ಟುವುದಿದ್ದರೆ ಇಷ್ಟು ಸಲೀಸಾದದ್ದನ್ನು ಕಟ್ಟುತ್ತಿರಲಿಲ್ಲ.

ಆಮೇಲೆ ಹಾರ, ಶಾಲು, ಮತ್ತೆ ಹಾರ. ದೊಡ್ಡ ಹುಡುಗರ ಕಬಡ್ಡಿ ನಡೆಯಿತು, ಯಾಕೆಂದರೆ ಅತಿಥಿಗಳು ನೋಡಬೇಕಿತ್ತು. ಚಿಕ್ಕ ಹುಡುಗಿಯರ ಇನ್ನೂರು ಮೀಟರು ಓಟದ ಹೊತ್ತಿಗೆ ಬಿಸಿಲು ಇಳಿದು, ಶಾಮಿಯಾನದವರು ಹಗ್ಗ ಬಿಚ್ಚತೊಡಗಿದ್ದರು. ಆಗ ಮೈಕಿನಲ್ಲಿ, ಸಮಯದ ಅಭಾವದಿಂದ ಉಳಿದ ಸ್ಪರ್ಧೆಗಳನ್ನು ಚೀಟಿ ಎತ್ತುವ ಮೂಲಕ ನಿರ್ಧರಿಸಲಾಗುವುದು ಎಂಬ ಪ್ರಕಟಣೆ ಬಂತು. ಒಂದು ನಿಮಿಷವೂ ಹಿಡಿಯದ ಓಟಕ್ಕೆ ಸಮಯವಿರಲಿಲ್ಲ. ಚೀಟಿ ಹರಿಯಲು, ಬರೆಯಲು, ಮಡಿಸಲು, ಕುಲುಕಲು ಒಂದು ಟೊಪ್ಪಿಗೆ ಹುಡುಕಲು ಸಮಯವಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮದು ಪೂಜೆಯ ಹಕ್ಕಿರುವ ಮನೆತನ. ದಾಯಾದಿಗಳಲ್ಲಿ ದೇವಸ್ಥಾನದ ಸರದಿ ಯಾರಿಗೆ ಎಂಬುದನ್ನು ಯುಗಾದಿಯ ದಿನ ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ತಂಬಿಗೆಯೊಳಗಿನ ಚೀಟಿ ಎತ್ತುವುದು ಮನೆಯ ಚಿಕ್ಕ ಮಗು. ಕೆಲವು ವರ್ಷಗಳಿಂದ ಅದು ಪರ್ಣಿ. ಕೈ ಮುಗಿದು, ಕಣ್ಣು ಮುಚ್ಚಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎತ್ತಬೇಕು. ಹೆಸರು ಬಂದವನು ಮಾರನೆಯ ಬೆಳಗ್ಗೆ ಎದ್ದು, ತಣ್ಣೀರು ಸುರಿದುಕೊಂಡು, ಬಾಗಿಲು ತೆಗೆದು ಕೆಲಸ ಶುರು ಮಾಡುತ್ತಾನೆ. ಅಂದರೆ ನಮ್ಮಲ್ಲಿ ಚೀಟಿ ಕೆಲಸ ಯಾರದೆಂದು ಹೇಳುತ್ತದೆ. ಕೆಲಸ ಮುಗಿಯಿತೆಂದು ಹೇಳುವುದಿಲ್ಲ. ಈ ವ್ಯತ್ಯಾಸ ನನ್ನ ಮಗಳಿಗೆ ಗೊತ್ತಿತ್ತು. ನಿಮಗೂ ಗೊತ್ತಿರುತ್ತದೆಂದು ಅವಳು ನಂಬಿದ್ದಳು.

"ಯಾರಾದ್ರೂ ಒಂದ್ ಮಗು ಬನ್ರಮ್ಮ ಚೀಟಿ ಎತ್ತೋಕೆ" ಎಂದು ಮೇಷ್ಟ್ರು ಕರೆದಾಗ ಅವಳು ಕರೆಯಲೆಂದೇ ಕಾದಿದ್ದವಳಂತೆ ಮುಂದೆ ಬಂದಳು. ಕೈ ಮುಗಿದಳು. ಎಡಗೈ ಬೆನ್ನ ಹಿಂದೆ ಹೋಯಿತು. ಟೊಪ್ಪಿಗೆಯಿಂದ ಎತ್ತಿದ ಚೀಟಿಯಲ್ಲಿ ಅವಳದೇ ಹೆಸರಿತ್ತು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಸುತ್ತ ಎಲ್ಲರೂ ತಟ್ಟುವಾಗ ಕೈ ತಾನಾಗಿ ತಟ್ಟುತ್ತದೆ. ಪರ್ಣಿ ಸೀದಾ ನಡೆದು ಹೋಗಿ, ಚಪ್ಪಲಿ ಬಿಟ್ಟು, ಸುಣ್ಣದ ಗೆರೆಯ ಹಿಂದೆ ಟ್ರ್ಯಾಕಿನ ಮೊದಲನೆಯ ಓಣಿಯಲ್ಲಿ ನಿಂತಳು. ಯಾರು ಯಾವ ಓಣಿಯಲ್ಲಿ ಓಡಬೇಕೆಂಬುದಕ್ಕೆ ಚೀಟಿ ಎಂದುಕೊಂಡಿದ್ದಳು. ಬಾಗಿ, ಬೆರಳು ನೆಲಕ್ಕೆ ಊರಿ, ಉಳಿದವರು ಬರಲೆಂದು ಕಾದಳು. ಯಾರೂ ಬರಲಿಲ್ಲ. ಒಬ್ಬರು ಬಂದು ಅವಳ ಮುಂದಿದ್ದ ಬಾವುಟವನ್ನು ಕಿತ್ತುಕೊಂಡು ಹೋದರು.

ಪದಕ ಹಾಕಿಸಿಕೊಂಡು ಹಗ್ಗದ ಹತ್ತಿರ ಬಂದವಳು ಕೇಳಿದ್ದು ಒಂದೇ. "ಅಪ್ಪಾ, ನಮ್ದು ಯಾವಾಗ ಓಡಿಸ್ತಾರೆ?"

ನಾನು ಲೆಕ್ಕದವನು. ಬಾರದ ಮೊತ್ತವನ್ನು ಬರುವಂತೆ ತೋರಿಸಲು ನನಗೆ ಬರುತ್ತದೆ. ಆ ಪ್ರಶ್ನೆಗೆ ಏನನ್ನೂ ತೋರಿಸಲು ಬರಲಿಲ್ಲ. ಪಕ್ಕದಲ್ಲಿ ಮುನಿಶಾಮಿ ನಿಂತಿದ್ದ. ಅವನು ಕಿರುಚಾಡಿದ್ದರೆ ನಾನೂ ಅವನ ಬೆನ್ನಿಗೆ ನಿಂತು ಸ್ವಲ್ಪ ಕಿರುಚಾಡಬಹುದಿತ್ತು. ಅವನು ಬೀಡಿಯನ್ನು ಕಿವಿಯ ಮೇಲಿಟ್ಟುಕೊಂಡು, "ಏಂ ಚೇಸ್ತಾಂ ಸಾಮಿ, ಏನ್ ಮಾಡೋಕಾಗ್ತದೆ. ಚೀಟಿ ಅಂದ್ಮೇಲೆ ಚೀಟಿ" ಎಂದ. ನಾವೆಲ್ಲ ಅವನ ಆಟೋದಲ್ಲೇ, ಖಾಲಿ ಕ್ರೇಟುಗಳ ನಡುವೆ ಕುಳಿತು ಊರಿಗೆ ಬಂದೆವು. ದಾರಿಯಲ್ಲಿ ಆಂಜಿ ಒಮ್ಮೆ ಮಾತ್ರ ಮಾತಾಡಿದಳು. ಪದಕವನ್ನು ಕೈಯಲ್ಲಿ ತೂಗಿ ನೋಡಿ, ವಾಪಸು ಕೊಡುತ್ತ, "ನಿಮ್ಮೋರಿಗೆ ಚೀಟಿ ಎತ್ತೋದ್ ಬರುತ್ತೆ ಕಣೇ. ನಂಗೆ ಓಡೋದ್ ಬರುತ್ತೆ" ಎಂದಳು.

ಮಾನ್ಯರೇ, ಹತ್ತು ವರ್ಷದ ಹುಡುಗಿ 'ನಿನಗೆ' ಎನ್ನದೆ 'ನಿಮ್ಮೋರಿಗೆ' ಎಂದಳು. ಬೆಳಗ್ಗೆ ಹೋಗುವಾಗ ಅವರಿಬ್ಬರ ನಡುವೆ ಆ ಪದ ಇರಲಿಲ್ಲ. ನಿಮ್ಮ ಕ್ರೀಡಾಕೂಟದಿಂದ ಬರುವಾಗ ಇತ್ತು. ಇದನ್ನು ನಾನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ಆ ಪದ ನಮ್ಮೂರಿನಲ್ಲಿ ಮೊದಲೇ ಇತ್ತು, ನಮ್ಮ ಮನೆಯ ತಂಬಿಗೆಗಿಂತ ಹಳೆಯದು. ಆದರೆ ಅದು ಸುಳ್ಳಾಗುತ್ತಿದ್ದ ಜಾಗವೊಂದಿತ್ತು. ಬಾವಿಯವರೆಗಿನ ದಾರಿ, ತಟ್ಟೆಯವರೆಗಿನ ದಾರಿ. ಅಲ್ಲಿ ಮುಂದೆ ಇದ್ದವರು ಮುಂದೆ, ಹಿಂದೆ ಇದ್ದವರು ಹಿಂದೆ. ಅದಕ್ಕಿಂತ ಶುದ್ಧವಾದ ಲೆಕ್ಕವನ್ನು ನಾನು ಎಲ್ಲಿಯೂ ಬರೆದಿಲ್ಲ. ಅದರ ನಡುವೆ ನೀವು ಟೊಪ್ಪಿಗೆ ಇಟ್ಟಿರಿ.

ಪರ್ಣಿ ತನಗೆ ಗೊತ್ತಿದ್ದ ಪರಿಹಾರ ಹುಡುಕಿದಳು. ಪದಕವನ್ನು ತಂಬಿಗೆಗೆ ಹಾಕಿ, ಎರಡು ಚೀಟಿ ಬರೆದು, ಆಂಜಿಯ ಮನೆಗೆ ಒಯ್ದಳು. ಈ ಸಲ ನೀನೇ ಎತ್ತು ಎಂದಳಂತೆ. ಆಂಜಿ, "ನಂಗೆ ಚೀಟಿ ಬೇಡ ಹೋಗೇ" ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ನನ್ನ ಹೆಂಡತಿ ಪ್ರಿಯಂವದಾ, "ನೀವಿಬ್ರು ಗಂಡಸ್ರು ಸೇರಿ ಒಂದ್ ಓಟ ಓಡ್ಸೋಕಾಗಲ್ವಾ? ಅದಕ್ಕೂ ಸರ್ಕಾರ ಬೇಕಾ?" ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ನ್ಯಾಯವಿತ್ತು.

ಹಾಗಾಗಿ ಭಾನುವಾರ ಓಡಿಸಿದೆವು. ಮಾವಿನ ತೋಪಿನ ಪಕ್ಕದ ಬಂಡಿದಾರಿಯಲ್ಲಿ ನಾನು ರಂಗೋಲಿ ಪುಡಿಯಿಂದ ಗೆರೆ ಎಳೆದೆ. ಆ ತುದಿಯಲ್ಲಿ ಮುನಿಶಾಮಿ ಇನ್ನೊಂದು ಗೆರೆ ಎಳೆದು, ಆಟೋ ನಿಲ್ಲಿಸಿಕೊಂಡು ನಿಂತ. ಸೀಟಿ ಊದಿದೆ. ಮಕ್ಕಳು ಹಾರಿದರು. ಅರ್ಧ ದಾರಿಯವರೆಗೆ ಅದು ನನಗೆ ಪರಿಚಯವಿದ್ದ ಓಟವೇ ಆಗಿತ್ತು. ಆಮೇಲೆ ಪರ್ಣಿಯ ಕಾಲು ನಿಧಾನವಾಯಿತು. ದಣಿವಿನ ನಿಧಾನವಲ್ಲ ಎಂಬುದು ಹಿಂದಿನಿಂದ ನೋಡುತ್ತಿದ್ದ ನನಗೇ ಗೊತ್ತಾಯಿತು. ಪಕ್ಕದಲ್ಲಿ ಓಡುತ್ತಿದ್ದವಳಿಗೆ ಗೊತ್ತಾಗದಿರುತ್ತದೆಯೆ? ಗೆರೆ ಇನ್ನೇನು ಬಂತು ಅನ್ನುವಾಗ ಆಂಜಿ ಗಕ್ಕನೆ ನಿಂತಳು. ಅಲ್ಲಿ ಆಡಿದ ಮಾತನ್ನು ನನಗೆ ಆಮೇಲೆ ಹೇಳಿದ್ದು ಮುನಿಶಾಮಿ.

"ಬೇಕಂತ ಬಿಟ್ಕೊಡ್ತಿದೀಯಾ."

"ಇಲ್ಲ ಕಣೇ."

"ನಿನ್ ಓಟ ನಂಗೊತ್ತಿಲ್ವಾ?"

"ಲೇ, ದಾಟ್ರೇ ಇಬ್ರೂ. ಟೊಮೆಟೊ ಲೋಡಿಗೆ ಹೊತ್ತಾಯ್ತದೆ" ಎಂದು ಮುನಿಶಾಮಿ ನಗಿಸಲು ನೋಡಿದ. ಇಬ್ಬರೂ ದಾಟಲಿಲ್ಲ. ಗೆರೆಯ ಈಚೆಯಿಂದಲೇ ಒಬ್ಬಳು ತೋಪಿನ ಕಡೆಯಿಂದ, ಇನ್ನೊಬ್ಬಳು ರಸ್ತೆಯ ಕಡೆಯಿಂದ ಮನೆಗೆ ಹೋದರು. ಆ ದಿನದಿಂದ ಇಬ್ಬರೂ ಓಡಿಲ್ಲ. ಬಸ್ಸಿಗೂ ನಡೆದೇ ಹೋಗುತ್ತಾರೆ. ಪರ್ಣಿಗೆ ಮೊನ್ನೆ ಬಸ್ಸು ತಪ್ಪಿತು.

ಮುಂದಿನ ಗುರುವಾರ ಕೋಲಾರದಲ್ಲಿ ಜಿಲ್ಲಾ ಮಟ್ಟ. ಮಾಲೂರಿನಿಂದ, ಶ್ರೀನಿವಾಸಪುರದಿಂದ ಓಡಿ ಗೆದ್ದ ಮಕ್ಕಳು ಬರುತ್ತಾರೆ. ಅಲ್ಲಿಯೂ ಚೀಟಿ ಎತ್ತಿದವರು ಇದ್ದಾರೆಯೆ, ನನಗೆ ಗೊತ್ತಿಲ್ಲ. ನಮ್ಮ ತಾಲ್ಲೂಕಿನ ಓಣಿಯಲ್ಲಿ ನನ್ನ ಮಗಳು ನಿಲ್ಲಬೇಕು. ನಾನು ಕಳಿಸದಿದ್ದರೆ ಆ ಜಾಗ ಆಂಜಿಗೆ ಸಿಗುತ್ತದೆಯೇ ಎಂದು ನಿಮ್ಮ ಕಿಟಕಿಯಲ್ಲಿ ಕೇಳಿದ್ದೆ. ಇಲ್ಲ, ಹೆಸರು ಬದಲಿಸಲಾಗುವುದಿಲ್ಲ, ಓಣಿ ಖಾಲಿ ಉಳಿಯುತ್ತದೆ ಎಂದರು. ಕಳಿಸಿದರೆ ಅವಳು ಇನ್ನೊಬ್ಬಳ ಜಾಗದಲ್ಲಿ ಓಡುತ್ತಾಳೆ. ಕಳಿಸದಿದ್ದರೆ ಇಬ್ಬರ ಜಾಗದಲ್ಲೂ ಯಾರೂ ಓಡುವುದಿಲ್ಲ. ನಾನು ಏನು ಮಾಡಬೇಕೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೆ? ಗೊತ್ತಿದ್ದರೆ ಸಮಯದ ಅಭಾವವಿಲ್ಲದಾಗ ತಿಳಿಸಿ.

ನನ್ನ ಬೇಡಿಕೆ ಚಿಕ್ಕದು. ತಪ್ಪು ಯಾರದೆಂದು ವಿಚಾರಣೆ ಬೇಡ. ಜ್ಯೋತಿ ಬೇಡ, ಅತಿಥಿ ಬೇಡ, ಶಾಮಿಯಾನ ಬೇಡ. ಗುರುವಾರಕ್ಕೆ ಮುಂಚೆ ನಮ್ಮ ತಾಲ್ಲೂಕಿನ ಹೋಬಳಿಗಳಿಂದ ಆಯ್ಕೆಯಾಗಿದ್ದ ಹುಡುಗಿಯರನ್ನೆಲ್ಲ ಒಂದು ಬೆಳಗ್ಗೆ ಕರೆಸಿ, ಅದೇ ಇನ್ನೂರು ಮೀಟರು ಓಡಿಸಿ. ಇದನ್ನು ನಾವೇ ಮಾಡಿಕೊಳ್ಳಲು ನೋಡಿದೆವು, ಆಗಲಿಲ್ಲ. ನನ್ನ ಸೀಟಿಯಲ್ಲಿ ಪರ್ಣಿಯ ಅಪ್ಪನಿದ್ದ. ಮುನಿಶಾಮಿಯ ಗೆರೆಯಲ್ಲಿ ಆಂಜಿಯ ಅಪ್ಪನಿದ್ದ. ಮಕ್ಕಳು ಅದನ್ನು ದಾಟಲಾರದೆ ನಿಂತರು. ನಿಮಗೆ ಈ ಇಬ್ಬರು ಹುಡುಗಿಯರಲ್ಲಿ ಯಾರು ಯಾರೆಂದು ತಿಳಿಯದು, ತಿಳಿಯುವ ಆಸೆಯೂ ಇಲ್ಲ. ಇಷ್ಟು ದಿನ ಅದನ್ನೇ ನಿಮ್ಮ ದೋಷ ಎಂದುಕೊಂಡಿದ್ದೆ. ಈಗ ಅದೊಂದೇ ನಿಮ್ಮಲ್ಲಿ ಉಳಿದಿರುವ ಅರ್ಹತೆಯಾಗಿ ಕಾಣುತ್ತಿದೆ. ಬಂದು ಸೀಟಿ ಊದಿ. ನಾವು ಹಗ್ಗದ ಹೊರಗೇ ಇರುತ್ತೇವೆ.

ಇಂತಿ,
ನೀವು ಸಾರಿದ ಗೆಲುವಿಗೆ ತಾನೂ ಚಪ್ಪಾಳೆ ತಟ್ಟಿದ
ಒಬ್ಬ ಅಪ್ಪ, ಬೈರಕೂರು