ಹುರಿದುಂಬಿಸಿದವರ ಕೂಲಿ

ಉಪ್ಪಾರಹಳ್ಳಿ, ತುಮಕೂರು
೨೦-೨-೧೯೮೪, ಸೋಮವಾರ

ಪ್ರೀತಿಯ ಭದ್ರಕ್ಕಾ,

ಹೇಗಿದ್ದೀಯೆ ಅಂತ ಕೇಳುತ್ತಿದ್ದೇನೆ, ಉತ್ತರ ಹೇಳಬೇಡ. ಪಿಸುಮಾತು ಕೂಡ ಆಡಕೂಡದು ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಹುಟ್ಟಿದಾಗಿನಿಂದ ನಾನು ಕಾಯುತ್ತಿದ್ದ ಕಾಲ ಅಂತೂ ಬಂತು ನೋಡು: ನಾನು ಮಾತಾಡುವುದು, ನೀನು ಸುಮ್ಮನೆ ಕೇಳುವುದು. ಗಂಜಿ ಆರಿಸಿಕೊಂಡು ಕುಡಿ. ಉಪ್ಪಿನಕಾಯಿ ಆಸೆ ಬಿಡು, ದಿಂಬಿನ ಕೆಳಗೆ ಬಚ್ಚಿಟ್ಟಿರುವ ಪೊಟ್ಟಣವನ್ನು ಭಾವನವರ ಕೈಗೆ ಕೊಟ್ಟುಬಿಡು. ಭಾವ ಬೆಂಗಳೂರಿನ ಆಸ್ಪತ್ರೆಯ ಇಡ್ಲಿಗೆ ಒಗ್ಗಿದರೋ, ಇನ್ನೂ ಕನಸಿನಲ್ಲೇ ಮುದ್ದೆ ನುಂಗುತ್ತಿದ್ದಾರೋ? ಇಲ್ಲಿ ನಿನ್ನ ನಾದಿನಿ, ಮಕ್ಕಳು ಎಲ್ಲ ಕ್ಷೇಮ. ನಿನ್ನ ಎಮ್ಮೆ ಗುಬ್ಬಿಯಲ್ಲಿ ತಿಪ್ಪಮ್ಮನ ಕೊಟ್ಟಿಗೆಯಲ್ಲಿದೆ. ನಿನ್ನ ಮೇಲಿನ ಸಿಟ್ಟಿಗೆ ತಿಪ್ಪಮ್ಮನನ್ನು ಒದೆಯಿತಂತೆ, ಹಾಲು ಮಾತ್ರ ತಪ್ಪಿಸಿಲ್ಲವಂತೆ. ನಮ್ಮ ಕಾಲೇಜಿನಲ್ಲಿ ಕೆಲವರು ಒದೆಯುವುದಷ್ಟನ್ನೇ ಮಾಡುತ್ತಾರೆ, ಆ ಲೆಕ್ಕದಲ್ಲಿ ಎಮ್ಮೆ ವಾಸಿ.

ಹೋದ ವಾರ ಡಾಕ್ಟರು ನಿನ್ನ ಗಂಟಲಲ್ಲಿ ಗಂಟು ಇದೆ, ಆಪರೇಷನ್ ಆಗಲೇಬೇಕು ಅಂದರಲ್ಲ, ಗಂಟಲಿನೊಳಗೇ ಗಂಟು ಇರುವುದು ಕನ್ನಡ ಮೇಷ್ಟ್ರಾದ ನನಗೆ ಮೊದಲೇ ಹೊಳೆಯಬೇಕಿತ್ತು. ಆದರೆ ಅಕ್ಕಾ, ಆ ಹೊತ್ತು ನಗು ಬರಲಿಲ್ಲ. ವರ್ಷಗಟ್ಟಲೆ ಊರೂರು ಸುತ್ತಿ, ಬಿಸಿಲಲ್ಲಿ ನಿಂತು, ಗರುಡ ತಂಡ ಗೆಲ್ಲಲಿ ಅಂತ ಕೂಗಿ ಕೂಗಿ ನೀನು ಕಟ್ಟಿಕೊಂಡ ಗಂಟು ಅದೊಂದೇ ಅಲ್ಲವಾ ಅನ್ನಿಸಿತು. ನೀನೋ, ತಲೆ ಅಡ್ಡಡ್ಡ ಆಡಿಸಿ, ಸ್ಲೇಟಿನ ಮೇಲೆ "ಎಮ್ಮೆ ಮಾರಬೇಡಿ, ಊರಿಗೆ ಹೋಗೋಣ" ಅಂತ ಬರೆದು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಬೆನ್ನೇ ಕಣ್ಣ ಮುಂದೆ.

ಮಾರನೆಯ ದಿನವೇ ಗುಬ್ಬಿಗೆ ಹೋದೆ. ಕೊಬ್ಬರಿ ವರ್ತಕರು ತಮ್ಮ ಕಬಡ್ಡಿ ತಂಡಕ್ಕೆ ಗರುಡ ಅಂತ ಹೆಸರಿಟ್ಟಾಗಲೇ ನಾನು ನಕ್ಕಿದ್ದೆ, ಗುಬ್ಬಿಯ ಗೂಡಿನಲ್ಲಿ ಗರುಡ ಹುಟ್ಟಿತೇ ಅಂತ. ಆದರೂ ಹುಡುಗರನ್ನು ಚೆನ್ನಾಗಿ ಸಾಕಿದ್ದಾರೆ, ಇಲ್ಲ ಅನ್ನುವ ಹಾಗಿಲ್ಲ: ತಿಂಗಳ ಸಂಬಳ, ಪಂದ್ಯದ ದಿನ ಭತ್ಯೆ, ಹಾಲು, ಮೊಟ್ಟೆ. ಹೋದ ವರ್ಷ ಓಬಳಯ್ಯನ ಮೊಣಕಾಲು ತಿರುಚಿದಾಗ ವರ್ತಕರ ಸಂಘವೇ ಆಸ್ಪತ್ರೆಯ ಖರ್ಚು ಕೊಟ್ಟಿತು. ಗೆರೆಯ ಹಿಂದೆ ನಿಂತು ಕರಟದ ತಾಳ ಹಾಕುತ್ತಾ ಪದ ಕಟ್ಟಿ ಹಾಡುವ ನಿಮಗೆ ಮಾತ್ರ ಅರಿಶಿನ ಕುಂಕುಮ, ಎಲೆ ಅಡಿಕೆ, ಒಂದು ರವಿಕೆ ಕಣ. ಕಣಕ್ಕೆ ಇಳಿದವರಿಗೆ ಸಂಬಳ, ಕಣ ತೆಗೆದುಕೊಂಡವರಿಗೆ ಬರೀ ಮರ್ಯಾದೆ!

ಅಧ್ಯಕ್ಷ ಶಿವರಾಮಯ್ಯನವರು ಮಂಡಿಯ ಜಗಲಿಯಲ್ಲಿ ಕೂತಿದ್ದರು. ಕಾಫಿ ಕೊಡಿಸಿದರು, ನಿನ್ನ ಆರೋಗ್ಯಕ್ಕೆ ನಿಜವಾಗಿಯೂ ಮರುಗಿದರು. ಖರ್ಚಿನ ಮಾತು ಎತ್ತಿದ ಕೂಡಲೇ, "ಮೇಷ್ಟ್ರೇ, ಭದ್ರಮ್ಮನ್ನ ಏನು ಕೂಲಿಯವಳು ಅಂದ್ಕೊಂಡ್ರಾ? ನಮ್ಮನೆ ಹೆಣ್ಮಗಳು ಕಣ್ರೀ. ಮನೆ ಹೆಣ್ಮಗಳಿಗೆ ಯಾರಾದ್ರೂ ಸಂಬಳ ಅಂತ ಎಣಿಸ್ತಾರಾ?" ಅಂದರು. ಹಾಗಾದರೆ ಮನೆ ಹೆಣ್ಣುಮಗಳ ಆಪರೇಷನ್ನಿಗೆ ಕೊಡಿ ಅಂದೆ. "ಆ ದುಡ್ಡು ಆಟದಲ್ಲಿ ಬಿದ್ದ ಗಾಯಕ್ಕೆ ಮಾತ್ರ. ರೂಲ್ಸು ರೂಲ್ಸೇ" ಅಂದರು. ಕಬಡ್ಡಿಯಲ್ಲಿ ಬಡ್ಡಿ ಇದೆ, ನಮ್ಮಕ್ಕನಿಗೆ ಅಸಲೂ ಇಲ್ಲವಾ ಸಾರ್ ಅಂತ ಕೇಳಿದೆ. ನಕ್ಕರು. ನನ್ನ ಮಾತಿಗೆ ಜನ ನಗುತ್ತಾರೆ ಅಕ್ಕಾ, ಜೇಬಿಗೆ ಕೈ ಮಾತ್ರ ಹಾಕುವುದಿಲ್ಲ.

ನಿನ್ನ ಜೊತೆ ಹಾಡುವವರಿಗೆ ತಿಳಿಯಲಿ ಅಂತ ತಿಪ್ಪಮ್ಮನ ಹಟ್ಟಿಗೆ ಹೋಗಿ ಹೇಳಿದೆ. ಕದರಮ್ಮನೂ ಅಲ್ಲೇ ಇದ್ದಳು. ತಿಪ್ಪಮ್ಮ ಸಗಣಿ ಕೈಯಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತು, "ಮನೆ ಹೆಣ್ಮಗಳು ಅಂದ್ನಾ? ಆಗ್ಲಿ ಬುಡಿ ಮೇಷ್ಟ್ರೇ. ಬಾನುವಾರ ಕುಣಿಗಲ್‌ನಾಗೆ ಹೆಣ್ಮಕ್ಳ ತರಾನೇ ಇರ್ತೀವಿ" ಅಂದಳು. ನನಗೆ ಅರ್ಥವಾಗಲಿಲ್ಲ. ಎಂ.ಎ. ಓದಿದ್ದೇ ದಂಡ ಅಂತ ನೀನು ಎಷ್ಟೋ ಸಲ ಅಂದಿದ್ದೀಯಲ್ಲ.

ನಿನ್ನೆ ಭಾನುವಾರ ಕುಣಿಗಲ್ ತಂಡದ ಮೇಲೆ ಅವರ ಮೈದಾನದಲ್ಲೇ ಪಂದ್ಯ. ವಾಡಿಕೆಯ ಹಾಗೆ ಶಿವರಾಮಯ್ಯನವರ ಮನೆಯವರು ಮಹಾಲಕ್ಷ್ಮಮ್ಮ ನಿಮ್ಮ ಮೇಳದವರಿಗೆ ಕುಂಕುಮ ಇಟ್ಟು ಕಣ ಕೊಟ್ಟರು. ಇವರು ಕಣ್ಣಿಗೊತ್ತಿಕೊಂಡು, ಗೆರೆಯ ಹಿಂದೆ ಹೋಗುವ ಬದಲು ನೆಟ್ಟಗೆ ಬಂದು ಮೊದಲ ಸಾಲಿನ ಕುರ್ಚಿಗಳಲ್ಲಿ ಸೆರಗು ಹೊದ್ದು ಕೂತುಬಿಟ್ಟರು. ಮಹಾಲಕ್ಷ್ಮಮ್ಮನ ಪಕ್ಕದಲ್ಲೇ ತಿಪ್ಪಮ್ಮ! ಮ್ಯಾನೇಜರು ಓಡಿ ಬಂದ: "ಏನ್ರಮ್ಮಾ, ಕರಟ ಎಲ್ಲಿ? ಎದ್ದೇಳ್ರಿ, ಶುರು ಮಾಡ್ರಿ!" ತಿಪ್ಪಮ್ಮ ಅಡಿಕೆ ಕಡಿಯುತ್ತಾ, "ಕುಂಕುಮ ಇಟ್ಟು ಕಣ ಕೊಟ್ಟು ಕೂರ್ಸಿದ ಹೆಣ್ಮಕ್ಳಿಗೆ ಕೆಲ್ಸ ಹೇಳ್ತಾರೇನಪ್ಪಾ? ಕರೆದ್ರು, ಬಂದೋ. ಆಟ ನೋಡ್ತೀವಿ" ಅಂದಳು. ಅವನು ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಹೆಂಡತಿಯ ಕಡೆ ನೋಡಿದರು. ಆಯಮ್ಮ, "ಅವಳು ಹೇಳೋದು ಸರಿಯಾಗೇ ಇದೆ. ಮಡಿಲಿಗೆ ಹಾಕಿದವಳು ನಾನು. ಎಬ್ಬಿಸಬೇಡಿ" ಅಂದರು.

ಅಕ್ಕಾ, ಆ ಮೈದಾನ ನೀನು ನೋಡಬೇಕಿತ್ತು. ನೀವೆಲ್ಲ ಹಾಡಿದ್ದಿದ್ದರೆ "ಕುಣಿಗಲ್ ಕುದುರೆ ಕುಣಿದೇ ಕುಣೀತು, ಗೆರೆ ತಾವ್ ಬಂದು ಮಕಾಡೆ ಬಿತ್ತು" ಅಂತ ಕೇಳಿ ಎದುರಾಳಿಗಳಿಗೂ ನಗು ಬಂದು ಉಸಿರು ಹೋಗುತ್ತಿತ್ತು. ನಿನ್ನೆ ನಮ್ಮ ಹುಡುಗರ ಉಸಿರೇ ಹೋಯಿತು. ಓಬಳಯ್ಯ ಕರಟದ ತಾಳಕ್ಕೇ ಹೆಜ್ಜೆ ಇಟ್ಟು ಅಭ್ಯಾಸವಾದವನು. ತಾಳವಿಲ್ಲದೆ ಮದುವೆಮನೆಯಲ್ಲಿ ಚಪ್ಪಲಿ ಕಳಕೊಂಡವನ ಹಾಗೆ ನಡುವೆ ನಿಂತ, ಸಿಕ್ಕಿಬಿದ್ದ. ಮತ್ತೆ ಹೋದ, ಮತ್ತೆ ಸಿಕ್ಕಿಬಿದ್ದ. ಅರ್ಧ ಆಟ ಮುಗಿಯುವ ಹೊತ್ತಿಗೆ ನಮ್ಮ ಗರುಡ ಕೋಳಿಮರಿ.

ವಿರಾಮದಲ್ಲಿ ಓಬಳಯ್ಯ ಮೈತುಂಬ ಮಣ್ಣು ಮೆತ್ತಿಕೊಂಡೇ ಅಧ್ಯಕ್ಷರ ಮುಂದೆ ಬಂದು ನಿಂತ. ಅವನಿಗೆ ಮಾತು ಕಮ್ಮಿ, ನಿನಗೇ ಗೊತ್ತು. "ಯಜಮಾನ್ರೇ, ನನ್ ಮಂಡಿ ಆಟದಾಗೆ ಹೋಯ್ತು ಅಂತ ದುಡ್ಡು ಕೊಟ್ರಿ. ಭದ್ರಕ್ಕನ ಗಂಟ್ಲು ಎಲ್ಲಿ ಹೋಯ್ತು, ಸಂತೇಲಾ?" ಅಂದ. ಮಿಕ್ಕ ಹುಡುಗರೂ ಅವನ ಬೆನ್ನಿಗೆ ಬಂದು ನಿಂತರು. ಶಿವರಾಮಯ್ಯನವರು ಬೆವರು ಒರೆಸಿಕೊಂಡು, ಆಗಲಿ, ನಮ್ಮನೆ ಮಗಳು ಅಂತಲೇ ತಿಳಿದು ಸ್ವಂತ ಕೈಯಿಂದ ಕೊಡುತ್ತೇನೆ ಅಂದರು. ನಾನು ಕೈ ಮುಗಿಯಲು ಎದ್ದೇ ಬಿಟ್ಟಿದ್ದೆ. ತಿಪ್ಪಮ್ಮ ನನ್ನ ಅಂಗಿ ಹಿಡಿದು ಕೂರಿಸಿದಳು. "ಧರ್ಮಕ್ಕೆ ಬ್ಯಾಡಿ ಬುದ್ಧಿ. ದುಡಿದವ್ಳು ಅಂತ ಕೊಡಿ, ಸಂಘದ ದುಡ್ಡಾಗೆ. ಅಂಗೇ ಇನ್ ಮುಂದೆ ನಮಗೂ ಹುಡುಗ್ರ ತರಾ ಭತ್ಯೆ ಆಗ್ಬೇಕು" ಅಂದಳು.

ಅಲ್ಲೇ ನಿಂತ ನಿಲುವಿನಲ್ಲಿ ಸಂಘದವರು ಗುಸುಗುಸು ಮಾಡಿಕೊಂಡರು. ಕೊನೆಗೆ ಗಂಟಲೂ ಆಟದ ಗಾಯ ಅಂತ ಒಪ್ಪಿದರು. ಭತ್ಯೆ ಮಾತ್ರ ಆಟಗಾರರಷ್ಟಲ್ಲ, ಹೊರಗೆ ಕೂರುವ ಬದಲಿ ಆಟಗಾರನಷ್ಟು. ವರ್ಷವೆಲ್ಲ ಬೆಂಚು ಸವೆಸುವವನಿಗೂ ಗಂಟಲು ಸವೆಸುವವಳಿಗೂ ಒಂದೇ ದರ! ಸದ್ಯಕ್ಕೆ ಇರಲಿ, ಪೂರ್ತಿಗೆ ಆಮೇಲೆ ಪಟ್ಟು ಹಿಡಿಯೋಣ ಅಂದಳು ತಿಪ್ಪಮ್ಮ. ಕೂಲಿ ಗೊತ್ತಾದ ಮೇಲೆ ಇದು ಯಾಕೆ ಅಂತ ಕದರಮ್ಮ ಕಣವನ್ನು ಮಹಾಲಕ್ಷ್ಮಮ್ಮನವರಿಗೆ ವಾಪಸು ಕೊಡಲು ಹೋದಳು. ಆಯಮ್ಮನಿಗೆ ಕೋಪ ಬಂತು: "ಕೂಲಿ ಅವರದ್ದು, ಕಣ ನನ್ನದು. ಎರಡೂ ಇಟ್ಕೊಳ್ರೇ!"

ಆಮೇಲೆ ಎದ್ದರು ನೋಡು, ಕರಟ ಹಿಡಿದು! ಗೆದ್ದೆವು ಅಂತ ಬರೆದರೆ ನಿನಗೆ ಖುಷಿಯಾಗುತ್ತಿತ್ತು. ಇಲ್ಲ, ಸ್ವಲ್ಪದರಲ್ಲಿ ಸೋತೆವು. ಸೋತ ಮೇಲೆ ಅಧ್ಯಕ್ಷರು ಮಾತು ತಿರುಗಿಸುತ್ತಾರೇನೋ ಅಂತ ನನಗೆ ಪುಕಪುಕ. ಗೊಣಗಿದರು, ಆದರೆ ಇವತ್ತು ಬೆಳಿಗ್ಗೆ ದುಡ್ಡು ಕಳಿಸಿದರು. ಕದರಮ್ಮ ನಾಳೆ ಮೊದಲ ಬಸ್ಸಿಗೆ ಅದನ್ನೂ ಈ ಕಾಗದವನ್ನೂ ತರುತ್ತಾಳೆ. ಎಮ್ಮೆಯನ್ನು ಯಾರೂ ಮಾರುವುದಿಲ್ಲ.

ಭಾವನವರಿಗೆ ನಮಸ್ಕಾರ ಹೇಳು, ಅಂದರೆ ಬರೆದು ತೋರಿಸು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ಆಶೀರ್ವಾದವನ್ನು ಕೈಸನ್ನೆಯಲ್ಲೇ ಮಾಡು, ಸಾಕು.

ನಿನ್ನ ತರಲೆ ತಮ್ಮ,
ಸಿದ್ದಗಂಗಯ್ಯ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಆಪರೇಷನ್ ಆದರೆ ಮನೆಯೊಳಗೆ ಮಾತಾಡುವಷ್ಟು ದನಿ ಉಳಿಯುತ್ತದಂತೆ, ಮೈದಾನಕ್ಕೆ ಕೇಳುವ ಆ ದನಿ ಇನ್ನು ಇಲ್ಲವಂತೆ. ಮಾಡಿಸದಿದ್ದರೆ ಇದೂ ಇಲ್ಲ. ನಿನಗೂ ಇದನ್ನು ಹೇಳಿರಬೇಕು. ನೀನು ಬೇಡ ಅಂದದ್ದು ಎಮ್ಮೆಗಾಗಿ ಅಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು. ಮುಂದೆ ಮೈದಾನದಲ್ಲಿ ಕೂಗಲು ತಿಪ್ಪಮ್ಮನಿದ್ದಾಳೆ, ಪದ ಕಟ್ಟಿಕೊಡಲು ನೀನಿರು. ಅದಕ್ಕೂ ಭತ್ಯೆ ಕೇಳೋಣ. ನನಗೆ ಮಾತ್ರ, ಅಡುಗೆಮನೆಯಿಂದ ಜಗಲಿಗೆ ಕೇಳುವ ಹಾಗೆ "ಲೋ ಸಿದ್ದಾ, ಉಣ್ಣಾಕ್ ಬಾರೋ" ಅನ್ನುವಷ್ಟು ದನಿ ಬೇಕು. ಗುರುವಾರ ಡಾಕ್ಟರು ಕೇಳಿದಾಗ ಹೂಂ ಅನ್ನು. ಅಯ್ಯೋ, ಅನ್ನಬೇಡ, ಗೋಣು ಆಡಿಸು.