ಇಲ್ಲ ಅಂದವರ ಊರಿನಿಂದ

ತನುಜ ಮೇಡಂ,

ಗ್ರೂಪಿನಲ್ಲಿ ನೀವು ಏನು ಹಾಕಿದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ಒತ್ತುವ ಶಿರೀಷಾ ನಾನು, ಶಿಡ್ಲಘಟ್ಟದ ಕಡೆಯವಳು. ಪೇಪರಿನ ಮೇಲೆ ಕಾಗದ ಬರೆಯುತ್ತಿರುವುದು ಜೀವನದಲ್ಲಿ ಇದೇ ಮೊದಲು. ಗ್ರೂಪಿನಲ್ಲಿ ಈಗ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಅಂತ ಮಾಡಿಬಿಟ್ಟಿದ್ದೀರಿ. ನಿಮ್ಮ ನಂಬರಿಗೆ ಕಳಿಸಿದ ಯಾವ ಮೆಸೇಜಿಗೂ ಇನ್ನೂ ನೀಲಿ ಟಿಕ್ ಬಿದ್ದಿಲ್ಲ. ಅದಕ್ಕೇ ನಿಮ್ಮ ಪುಸ್ತಕದ ಹಿಂದೆ ಇರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ. ಮೊಹರಂ ಚಂದ್ರ ಕಾಣುವ ಮುಂಚೆ ಓದಿ. ಆಮೇಲೆ ಓದಿದರೆ ಏನೂ ಉಪಯೋಗವಿಲ್ಲ.

ನಾನು ನಿಮಗೆ ಎಂಥಾ ಫ್ಯಾನ್ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಜಗಳದ ಹಾಗೆ ಕೇಳಿಸಬಹುದು. ಚಿಂತಾಮಣಿ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಾನು, ನನ್ನ ಫ್ರೆಂಡ್ ಲುಬ್ನಾ ಒಂದೊಂದು ಕಿವಿಗೆ ಒಂದೊಂದು ಇಯರ್‌ಫೋನ್ ಹಾಕಿಕೊಂಡು ನಿಮ್ಮ ವಾಯ್ಸ್ ನೋಟ್ ಕೇಳುತ್ತಿದ್ದೆವು. ಜನ ದೇವಸ್ಥಾನಕ್ಕೆ ಹೋಗುವುದು ನಿಜವಾಗಿಯೂ ಕಡಿಮೆಯಾಗಿದೆಯಾ, ಎಲ್ಲ ಧರ್ಮವನ್ನೂ ಗೌರವಿಸುತ್ತೇವೆ ಅನ್ನುವವರು ಪಕ್ಕದ ಮನೆಯನ್ನು ಬಾಡಿಗೆಗೆ ಕೊಡುತ್ತಾರಾ, ಇಂಥವನ್ನೆಲ್ಲ ನೀವು ಒಗ್ಗರಣೆ ಹಾಕಿದ ಹಾಗೆ ಹೇಳುತ್ತಿದ್ದಿರಿ. "ಧರ್ಮದ ಬಗ್ಗೆ ಕೂಗಾಡೋರು ಸಾಕಷ್ಟಿದ್ದಾರೆ. ನಾವು ಎಣಿಸೋರಾಗೋಣ" ಅಂದಿದ್ದಿರಿ. ಅದನ್ನೇ ನಾವಿಬ್ಬರೂ ಸ್ಟೇಟಸ್ಸಿಗೆ ಹಾಕಿಕೊಂಡಿದ್ದೆವು. ಲುಬ್ನಾ ಅಂತೂ, "ಮದುವೆ ಗಂಡು ನೋಡೋಕೆ ಬಂದ್ರೆ ಸ್ಯಾಂಪಲ್ ಸೈಜ್ ಎಷ್ಟು ಅಂತ ಕೇಳ್ತೀನಿ ಕಣೇ" ಅಂತ ನಗಿಸುತ್ತಿದ್ದಳು.

ಅದಕ್ಕೇ ನೀವು 'ನಿಮ್ಮೂರನ್ನು ನೀವೇ ಕೇಳಿ' ಅಂತ ಪ್ರಶ್ನೆಗಳನ್ನು ಹಾಕಿದ ದಿನ ನಾನು ಕುಣಿದಾಡಿಬಿಟ್ಟೆ. ಊರಿನ ಮನೆಮನೆಗೂ ಹೋದೆ. ಯಾವ ಮನೆಯಲ್ಲೂ ಪ್ರಶ್ನೆಯ ಒಂದು ಪದ ಬದಲಾಯಿಸಲಿಲ್ಲ. ಬದಲಾಯಿಸಬಾರದು ಅಂತ ನೀವೇ ಹೇಳಿದ್ದಿರಿ. ಅದರಲ್ಲಿ ಒಂದು ಪ್ರಶ್ನೆ, 'ನಿಮ್ಮ ಮನೆಯಲ್ಲಿ ಬೇರೆ ಧರ್ಮದ ಹಬ್ಬ ಆಚರಿಸುತ್ತೀರಾ?'

ನಮ್ಮ ಅಜ್ಜಿ ಓಬಳಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿತ್ತು. "ಬೇರೆಯವ್ರ ಹಬ್ಬಾನಾ? ನಮ್ ಹಬ್ಬ ಮಾಡೋಕೇ ಸೊಂಟ ಬಿದ್ದೋಗ್ತೈತೆ, ಇನ್ನ ಅವರದ್ದೂ ಮಾಡ್ಬೇಕೇನೇ? ಇಲ್ಲ ಅಂತ ಬರ್ಕೋ ಪೋ" ಅಂತು. ಹಾಗಂದಾಗ ಅಜ್ಜಿಯ ಮುಂಗೈಯಲ್ಲಿ ಹೋದ ವರ್ಷ ಬಾಬಯ್ಯನ ಚಾವಡಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರವಿತ್ತು ಮೇಡಂ. ಬಣ್ಣ ಹೋಗಿ ನಾರಿನ ಹಾಗಾಗಿತ್ತು, ಆದರೂ ಬಿಚ್ಚಿರಲಿಲ್ಲ. ಪಕ್ಕದ ಮನೆಯ ಕೋನಪ್ಪ ತಾತನೂ ಇಲ್ಲ ಅಂದರು. ಬಾಬಯ್ಯನ ಪಂಜಾ, ಅಂದರೆ ಹಬ್ಬದಲ್ಲಿ ಪೂಜಿಸುವ ಲೋಹದ ಹಸ್ತ, ವರ್ಷವಿಡೀ ಇರುವುದು ಅವರ ದೇವರ ಕೋಣೆಯಲ್ಲಿ, ವೆಂಕಟರಮಣನ ಫೋಟೋದ ಕೆಳಗಿನ ಪೆಟ್ಟಿಗೆಯಲ್ಲಿ. ಹಬ್ಬದಲ್ಲಿ ಅದನ್ನು ಹೊರುವವರೂ ಅವರೇ.

ನಿಮಗೆ ಈಗ ಅರ್ಥವಾಗಿರುತ್ತದೆ. ನಮ್ಮೂರಿನಲ್ಲಿ ಒಂದೂ ಮುಸ್ಲಿಮರ ಮನೆಯಿಲ್ಲ. ಆದರೂ ಮೊಹರಂ ನಮ್ಮೂರಿನ ದೊಡ್ಡ ಹಬ್ಬ. ನಾವದನ್ನು ಮೊಹರಂ ಅನ್ನುವುದೇ ಇಲ್ಲ, ಬಾಬಯ್ಯನ ಹಬ್ಬ ಅನ್ನುತ್ತೇವೆ. ಚಾವಡಿಯ ಮುಂದೆ ಗುಂಡಿ ತೋಡಿ ಬೆಂಕಿ ಹಾಕುತ್ತಾರೆ. ಪಂಜಾ ಮನೆಮುಂದೆ ಬಂದಾಗ ಹೆಂಗಸರು ಹೊತ್ತವರ, ಜೊತೆಗೆ ನಡೆಯುವವರ ಕಾಲಿಗೆ ನೀರು ಹಾಕುತ್ತಾರೆ. ಮನೆಮನೆಯಿಂದ ಸಕ್ಕರೆ ತಂದು ಅದರ ಮೇಲೆ ಕುರಾನಿನ ಫಾತಿಹಾ ಓದಿಸುತ್ತಾರೆ. ಓದುವುದಕ್ಕೆ ಶಿಡ್ಲಘಟ್ಟದಿಂದ ಹುಸೇನ್ ಸಾಬ್ ಬರುತ್ತಾರೆ. ಮೊದಲು ರೇಷ್ಮೆ ನೂಲು ತೆಗೆಯುವ ಮನೆ ಇಟ್ಟುಕೊಂಡಿದ್ದರು, ನಮ್ಮೂರಿನ ಗೂಡೆಲ್ಲ ಅವರಲ್ಲಿಗೇ ಹೋಗುತ್ತಿತ್ತು. ನಮ್ಮ ಲುಬ್ನಾಳ ತಾತ ಅವರು. ಅವರು ಬಂದು ಫಾತಿಹಾ ಓದದೆ ಆ ಪೆಟ್ಟಿಗೆ ತೆಗೆಯುವ ಹಾಗಿಲ್ಲ, ಅದು ನಮ್ಮೂರಿನ ಕಟ್ಟು.

ಅಂದರೆ ಊರಿಗೆ ಊರೇ ಸತ್ಯ ಹೇಳಿದೆ. ಯುಗಾದಿ ಬೇರೆ ಧರ್ಮದ ಹಬ್ಬವಾ ಅಂದರೆ ಏನನ್ನುತ್ತಾರೋ ಬಾಬಯ್ಯನ ಹಬ್ಬಕ್ಕೂ ಅದನ್ನೇ ಅಂದಿದ್ದಾರೆ. ಪ್ರಶ್ನೆ ಓದುವಾಗ ನನಗೂ ಹೊಳೆಯಲಿಲ್ಲ. ಹೇಗೆ ಹೊಳೆಯುತ್ತದೆ? ನಾನೂ ಅದೇ ಊರಿನವಳು.

ನಾನು ಕಳಿಸಿದ ಉತ್ತರಗಳಿಂದ ನೀವು ಗ್ರಾಫ್ ಹಾಕಿದಿರಿ. 'ಇಲ್ಲ'ದ ದೊಡ್ಡ ಕೆಂಪು ಚಕ್ರ, ಅದರಲ್ಲಿ 'ಹೌದು' ಅಂದ ಒಂದು ಮನೆಯಷ್ಟು ಸಣ್ಣ ಹಸಿರು ಸೀಳು. ಮೇಲೆ ನಮ್ಮೂರಿನ ಹೆಸರು. ಕೆಳಗೆ ನಿಮ್ಮ ಸಾಲು, 'ಬಾಯಲ್ಲಿ ಸೌಹಾರ್ದ, ಮನೆಯೊಳಗೆ ಇಲ್ಲ.' ಅದನ್ನು ನೀವು ಪಿನ್ ಮಾಡಿದಾಗ ಮೊದಲ ಚಪ್ಪಾಳೆ ನನ್ನದೇ. ನನ್ನ ಊರು ಪಿನ್ ಆಯಿತಲ್ಲ ಅನ್ನುವ ಖುಷಿ.

ಆ ಚಿತ್ರ ಸಂಜೆಯೊಳಗೆ ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ಬಂತು. ಈ ಹಬ್ಬ ನಿಲ್ಲಬೇಕು ಅಂತ ಎರಡು ವರ್ಷದಿಂದ ಅನ್ನುತ್ತಿರುವ ಐದಾರು ಹುಡುಗರಿದ್ದಾರೆ. ಅವರ ಮಾತನ್ನು ಇಲ್ಲಿಯವರೆಗೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೋನಪ್ಪ ತಾತ, "ಹೋಗ್ರೋ, ಮೊದ್ಲು ಮೀಸೆ ಬರ್ಲಿ" ಅಂತ ಓಡಿಸುತ್ತಿದ್ದರು. ಈಗ ಅವರ ಕೈಗೆ ನಿಮ್ಮ ಗ್ರಾಫ್ ಸಿಕ್ಕಿತು. "ನಾವಲ್ಲ, ಊರೇ ಬೇಡ ಅಂದಿದೆ. ಬೆಂಗಳೂರಿನ ಮೇಡಂ ಲೆಕ್ಕ ಹಾಕಿದ್ದಾರೆ" ಅಂತ ಕೂತರು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನಂತೂ ಬೇಡ ಅಂದಿಲ್ಲ, ಆದರೆ ಅವನು ಅಂದಿರಬಹುದು. ಇವಳು ಅಂದಿರಬಹುದು. ಹೀಗೆ ಒಬ್ಬರ ಮೇಲೊಬ್ಬರಿಗೆ ಅನುಮಾನ ಬಂದು ಎಲ್ಲರೂ ಬಾಯಿ ಮುಚ್ಚಿಕೊಂಡರು. ಮೇಡಂ, ಹೌದು ಅಂದ ಆ ಒಂದೇ ಮನೆ ಯಾವುದು ಗೊತ್ತಾ? ಹಬ್ಬ ನಿಲ್ಲಿಸಿ ಅನ್ನುವ ಹುಡುಗರಲ್ಲಿ ಒಬ್ಬನ ಮನೆ. ಉತ್ತರ ಕೊಟ್ಟವನೂ ಅವನೇ. ಬಾಬಯ್ಯ ಬೇರೆ ಧರ್ಮದವನು ಅಂತ ಇಡೀ ಊರಿನಲ್ಲಿ ಅವನೊಬ್ಬನಿಗೇ ಅನ್ನಿಸಿದ್ದು. ಹೆಸರು ನಿಮಗೂ ಹೇಳುವುದಿಲ್ಲ, ಊರಿನಲ್ಲೂ ಹೇಳಿಲ್ಲ. ಉತ್ತರ ಕೊಟ್ಟವರ ಹೆಸರು ಬಿಟ್ಟುಕೊಡಬಾರದು ಅಂತ ಕಲಿಸಿದವರು ನೀವೇ. ಹೇಳಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ.

ನಿಮ್ಮ ಗ್ರೂಪಿನಲ್ಲಿ ನಾನು ಇದನ್ನೆಲ್ಲ ಬರೆದೆ. 'ಭಾವುಕತೆ ಬೇಡ, ಡೇಟಾ ಇದ್ದರೆ ತನ್ನಿ' ಅಂತ ಅಡ್ಮಿನ್ ಒಬ್ಬರು ಅಳಿಸಿಹಾಕಿದರು. ನೀವು ಒಂದೇ ಸಲ ಉತ್ತರ ಕೊಟ್ಟಿರಿ. 'ಶಿರೀಷಾ, ಫಲಿತಾಂಶ ನಮಗೆ ಇಷ್ಟವಾಗಲಿಲ್ಲ ಅಂತ ಬದಲಾಯಿಸೋಕಾಗಲ್ಲಮ್ಮ.' ಕೊನೆಯಲ್ಲಿ ಒಂದು ನಗುವ ಮುಖ. ಆ ನಗುವ ಮುಖವನ್ನು ನಾನು ಎಷ್ಟು ಸಲ ನೋಡಿದೆನೋ. ಇದು ಇಷ್ಟದ ಮಾತಲ್ಲ ಮೇಡಂ. ನಿಮ್ಮ ತಕ್ಕಡಿ ಸರಿಯಾಗಿಯೇ ಇರಬಹುದು, ಆದರೆ ತೂಕಕ್ಕೆ ಇಟ್ಟ ವಸ್ತುವೇ ಬೇರೆ.

ಲುಬ್ನಾ ಕೂಡ ನಿಮ್ಮ ಗ್ರೂಪಿನವಳೇ ಅಲ್ಲವಾ. ಅವಳೇ ಆ ಗ್ರಾಫನ್ನು ಮನೆಯಲ್ಲಿ ತೋರಿಸಿದ್ದಾಳೆ. ನನಗೆ ಒಂದೇ ಒಂದು ಮೆಸೇಜ್ ಕಳಿಸಿದಳು. 'ನೀನೇ ಕೇಳಿದ್ದು, ತನುಜ ಮೇಡಂ ಲೆಕ್ಕ ಹಾಕಿದ್ದು. ನಿಮ್ಮಿಬ್ಬರನ್ನ ನಂಬದೆ ಇನ್ನ ಯಾರನ್ನ ನಂಬ್ಲಿ?' ಆಮೇಲೆ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂರಲು ಶುರುಮಾಡಿದಳು.

ಹುಸೇನ್ ಸಾಬ್ ಈ ವರ್ಷ ಬರುವುದಿಲ್ಲ ಅಂತ ಕೋನಪ್ಪ ತಾತನಿಗೆ ಫೋನ್ ಮಾಡಿ ಹೇಳಿದರು. ತಾತ ಫೋನ್ ಇಟ್ಟವರೇ ಹೊಲದ ಕಡೆ ನಡೆದುಬಿಟ್ಟರು. ಅಜ್ಜಿಗೆ ತಡೆಯಲಿಲ್ಲ. ನಿನ್ನೆ ಬೆಳಿಗ್ಗೆ, "ನಡಿಯೇ, ಶಿಡ್ಲಘಟ್ಟಕ್ಕೆ ಹೋಗಣ. ಉಸೇನಣ್ಣನ ಜುಟ್ಟು ಹಿಡ್ಕೊಂಡು ಕರ್ಕೊಂಬರ್ತೀನಿ" ಅಂತ ಹೊರಟಿತು.

ಅವರು ನಮ್ಮನ್ನು ಚೆನ್ನಾಗಿಯೇ ಕೂರಿಸಿದರು. ಟೀ ತಂದಿಟ್ಟ ಲುಬ್ನಾ ನನ್ನ ಕಡೆ ನೋಡಲಿಲ್ಲ. ಅಜ್ಜಿ ಶುರುಮಾಡಿತು, "ಏನಣ್ಣಾ, ತಲೆಯಾಗೆ ಒಂದೂ ಕೂದಲಿಲ್ಲ, ಕೋಪ ಮಾತ್ರ ಮದುವೆ ಗಂಡಿನಂಗೆ. ಏನೋ ಫೋನಾಗೆ ರಂಗೋಲಿ ಬಿಟ್ರಂತೆ, ಅದಕ್ಕೆ ನೀನು ಬರಲ್ವಂತೆ."

ಸಾಬರು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು, "ಓಬಳಮ್ಮಾ, ನಂಗೆ ಕೋಪ ಇಲ್ಲ. ನಿನ್ನನ್ನ ನಂಬ್ತೀನಿ, ಕೋನಪ್ಪನ್ನೂ ನಂಬ್ತೀನಿ. ಆದ್ರೆ ಪಂಜಾ ಜೊತೆ ನಡೀವಾಗ ಒಂದೊಂದು ಮನೆ ಮುಂದೆ ನಿಲ್ಬೇಕಲ್ಲಮ್ಮಾ. ಈ ಮನೆಯೋರು ಇಲ್ಲ ಅಂದ್ರಾ, ಆ ಮನೆಯೋರು ಇಲ್ಲ ಅಂದ್ರಾ ಅಂತ ಎಣಿಸ್ತಾ ಹೋಗ್ತೀನಿ. ಎಣಿಸ್ತಾ ಇರೋ ಬಾಯಲ್ಲಿ ಫಾತಿಹಾ ಬರಲ್ಲ."

ಪ್ರಶ್ನೆಯೇ ತಪ್ಪಿತ್ತು ತಾತ ಅಂತ ನಾನು ಹೇಳಿದೆ. ಅತ್ತುಬಿಟ್ಟೆ ಕೂಡ. ಅವರು ನನ್ನ ತಲೆ ಸವರಿ, "ನೀನು ಚಿಕ್ಕೋಳು ಬೇಟಿ, ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯಾ. ಆ ಮೇಡಂ ಓದಿರೋರು. ತಪ್ಪಿದ್ರೆ ಅವ್ರೇ ಹೇಳ್ತಿದ್ರಲ್ಲ" ಅಂದರು.

ಮೇಡಂ, ಅವರು ನಿಮಗಾಗಿ ಕಾಯುತ್ತಿದ್ದಾರೆ. ನನ್ನನ್ನಲ್ಲ, ಅಜ್ಜಿಯನ್ನಲ್ಲ, ಎಷ್ಟೋ ವರ್ಷ ತಮ್ಮ ಕಾಲಿಗೆ ನೀರು ಹಾಕಿದ ಊರನ್ನೂ ಅಲ್ಲ. ಮುಖವನ್ನೇ ನೋಡದ ನಿಮ್ಮನ್ನು ನಂಬಿ ಕೂತಿದ್ದಾರೆ. ನಾನೂ ಹಾಗೇ ತಾನೇ ನಂಬಿದ್ದು? ಒಂದು ವಾಯ್ಸ್ ನೋಟ್ ಸಾಕು. 'ಈ ಊರಿನವರು ಬಾಬಯ್ಯನನ್ನು ಬೇರೆ ಅಂತ ಎಣಿಸಿಯೇ ಇರಲಿಲ್ಲ, ನಾವು ಅದನ್ನು ತಿಳಿದುಕೊಳ್ಳದೆ ಕೇಳಿದೆವು' ಅಂತ ನಿಮ್ಮ ಬಾಯಲ್ಲಿ ಬಂದರೆ ಲುಬ್ನಾ ತಾನಾಗಿಯೇ ಓಡಿಹೋಗಿ ತಾತನಿಗೆ ಕೇಳಿಸುತ್ತಾಳೆ. ನನ್ನ ಹೆಸರು ಹೇಳಿ ಬೈಯಿರಿ. ಕೆಲಸಕ್ಕೆ ಬಾರದ ಹುಡುಗಿ ಅನ್ನಿ. ಗ್ರೂಪಿನಿಂದ ತೆಗೆದುಹಾಕಿ. ಇದೊಂದು ಮಾತ್ರ ಹೇಳಿಬಿಡಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತಾ ಕೂತಿತ್ತು. ಬೇರೆ ದಿನವಾದರೆ ಕಂಡಕ್ಟರಿನ ಅತ್ತೆಮನೆವರೆಗೂ ವಿಚಾರಿಸುತ್ತದೆ. ಊರು ಹತ್ತಿರ ಬಂದಾಗ ನನ್ನ ಕೈ ಹಿಡಿದು ಕೇಳಿತು, "ನಾನು ಅವತ್ತು ಇಲ್ಲ ಅಂದ್ನಲ್ಲೇ, ಅದನ್ನ ವಾಪಸ್ ತಗೊಳ್ಳೋಕಾಗಲ್ವಾ? ಎಲ್ಲಿಗೆ ಬೇಕಾದ್ರೂ ಬರ್ತೀನಿ. ಹೆಬ್ಬೆಟ್ಟು ಒತ್ತು ಅಂದ್ರೆ ಒತ್ತುತೀನಿ."

ಆಗಲ್ಲ ಅಜ್ಜಿ ಅಂದೆ.

ಇನ್ನೂ ಸ್ವಲ್ಪ ಯೋಚನೆ ಮಾಡಿತು. ಆಮೇಲೆ ಕಲಿತ ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿತು, "ಹಂಗಾದ್ರೆ ಇನ್ನೊಂದು ಸಲ ಕೇಳು. ಹೌದು ಅಂತೀನಿ. ಬಾಬಯ್ಯ ನಮ್ಮೋನಲ್ಲ, ಬೇರೆಯವ್ರ ದೇವ್ರು, ಆದ್ರೂ ಮಾಡ್ತೀವಿ ಅಂತೀನಿ. ಹಂಗಂದ್ರೆ ಸರೀನಾ? ಹಂಗಂದ್ರೆ ಉಸೇನಣ್ಣ ಬರ್ತಾನಾ?"

ನಿಮ್ಮ ಪ್ರಶ್ನೆಗೆ ಅದೇ ಸರಿಯಾದ ಉತ್ತರ ಮೇಡಂ. ಅಜ್ಜಿ ಆ ಮಾತು ಹೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಕೈಯಲ್ಲಿ ಫೋನಿತ್ತು, ನಾನು ಬರೆದುಕೊಳ್ಳಲಿಲ್ಲ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಯಾವ ದೇವರು ಅಂತ ಮಾತ್ರ ಕೇಳಬೇಡಿ.

ನಿಮ್ಮ ದನಿಗಾಗಿ ಫೋನ್ ಹಿಡಿದು ಕೂತಿರುವ,
ಶಿರೀಷಾ