ಖಾಲಿ ಎಂದುಕೊಂಡ ಸೀಟು

ಅಕ್ಕನ ಮನೆ,
ಬುಧವಾರ

ನಮ್ಮ ಯಜಮಾನರಿಗೆ,

ನಾನು ಕ್ಷೇಮ. ಎಡಗಾಲಿನ ಪಟ್ಟಿ ಬಿಚ್ಚಿದ್ದಾರೆ. ಹೊಲಿಗೆ ಯಂತ್ರ ತುಳಿಯಲು ಮಾತ್ರ ಇನ್ನೂ ಆಗುತ್ತಿಲ್ಲ. ಭಾನುವಾರ ಕರೆದುಕೊಂಡು ಹೋಗಲು ಬರುತ್ತೇನೆಂದು ಬರೆದಿದ್ದೀರಿ. ಅದಕ್ಕೆ ಮೊದಲು ಒಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳಿದರೆ ನೀವು ನಗುತ್ತೀರಿ, ನಾನು ಕರಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಕಾರಿನ ಮೇಲೆ ನನಗೆ ಸಿಟ್ಟಿಲ್ಲ. ಆ ಮುದುಕರು ಛತ್ರಿ ಓರೆ ಹಿಡಿದು ಏಕಾಏಕಿ ರಸ್ತೆಗಿಳಿದರು. ಬಲಕ್ಕೆ ಲಾರಿ, ಎಡಕ್ಕೆ ಗೋಡೆ, ನಿಲ್ಲಿಸಲು ಜಾಗವಿಲ್ಲ. ತಾನೇ ಓಡುವ ಕಾರು ಪಾಪ ಯೋಚಿಸಿತಂತೆ: ಮುಂದಿನ ಎಡಗಡೆಯ ಸೀಟು ಖಾಲಿ, ಆ ಕಡೆಯನ್ನು ಗೋಡೆಗೆ ಕೊಟ್ಟರೆ ಎಲ್ಲರೂ ಉಳಿಯುತ್ತಾರೆ. ಆ ಸೀಟಿನಲ್ಲಿ ನಾನಿದ್ದೆ! ಮೊನ್ನೆ ಮುದುಕರು ನೋಡಲು ಬಂದು, ನನ್ನಿಂದ ಹಿಂಗಾಯ್ತಲ್ಲ ತಾಯಿ ಅಂತ ಗೊಳೋ ಎಂದು ಅತ್ತರು. ಇನ್ನಾದರೂ ರಸ್ತೆ ನೋಡಿ ನಡೀರಿ ಅಂತ ಗದರಿಸಿ, ಟೀ ಕುಡಿಸಿ ಕಳಿಸಿದೆ. ಅವರು ಬದುಕಿದ್ದು ನನಗೆ ಸಂತೋಷವೇ.

ನೀನಿದ್ದೀಯ ಅಂತ ಗೊತ್ತಿದ್ರೆ ಅದು ಯಾರನ್ನ ಗುದ್ತಿತ್ತೇ ಅಂತ ಅಕ್ಕ ಕೇಳುತ್ತಾಳೆ. ಅದು ಕಾರು ಮಾಡಿದವರ ತಲೆನೋವು. ನನ್ನ ತಲೆನೋವು ನೀವು.

ನಾನು ಹೊಲಿಯುವ ಪರದೆ ಬಟ್ಟೆಯ ಗಂಟನ್ನು ಆ ಸೀಟಿನಲ್ಲಿಟ್ಟರೆ ಕಾರು ಅದನ್ನು ಮನುಷ್ಯರೆಂದುಕೊಂಡು, ಬೆಲ್ಟ್ ಹಾಕಿ ಅಂತ ಕಿರುಚುತ್ತಿತ್ತು, ನಿಜ. ಅದರ ಬಾಯಿ ಮುಚ್ಸೋಕೆ ಈ ಸೀಟು ಯಾವಾಗ್ಲೂ ಖಾಲಿ ಅಂತ ಫೋನಿಂದ ಕಾರಿಗೆ ಹೇಳಿಟ್ಟಿದ್ದೆ, ತೆಗೆಯೋದು ಮರೆತೇ ಹೋಯ್ತು ಕಣೇ ಎಂದಿರಿ. ಕಾರು ಕಂಪನಿಯವರು ಆ ವಿಷಯ ನನಗೆ ಹೇಳಿದ ಮೇಲೆ ತಾನೇ ನೀವು ಹಾಗೆಂದದ್ದು? ಆವತ್ತು ನಾನು ಹಿಂದೆ ಕೂರಲು ಹೋದರೆ, ಮುಂದೆ ಬಾ ಎಂದು ಕರೆದವರೂ ನೀವೇ. ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡದವರಿಗೆ ಆವತ್ತೇ ಏಕೆ ಅಷ್ಟು ಪ್ರೀತಿ ಉಕ್ಕಿತು? ಮುದುಕರನ್ನು ನೀವು ಕರೆಸಿರಲಿಲ್ಲ, ಅಷ್ಟು ತಿಳಿಯದವಳಲ್ಲ. ಆದರೂ ಮನಸ್ಸು ಕೇಳುವುದಿಲ್ಲ. ನಿನ್ನದು ಬರೀ ಅನುಮಾನ ಅಂತ ಅಕ್ಕ ಬೈಯುತ್ತಾಳೆ.

ಮರೆತದ್ದು ನಿಜ ಅಂತ ಒಂದು ಸಾಲು ಬರೆಯಿರಿ. ಗಂಟು ಮೂಟೆ ಕಟ್ಟಿಕೊಂಡು ಕಾದಿರುತ್ತೇನೆ.

ಇನ್ನೂ ನಿಮ್ಮವಳೇ ಆದ,
ಮನೆಯವಳು

ತಾ.ಕ.: ಕಾಗದ ಮಡಚುವಷ್ಟರಲ್ಲಿ ಕಾರು ಕಂಪನಿಯವರು ಫೋನ್ ಮಾಡಿದ್ದರು. ಆ ಸೀಟಿನಲ್ಲಿ ಜನ ಕೂರುತ್ತಾರೆ ಅಂತ ನಿಮ್ಮ ಫೋನಿನಿಂದಲೇ ಮತ್ತೆ ಸರಿಮಾಡಲಾಗಿದೆಯಂತೆ. ಗೋಡೆಗೆ ಗುದ್ದಿದ ಮೇಲೆ, ನನ್ನನ್ನು ಹೊರಗೆಳೆಯುವ ಮೊದಲು. ಆಗ ನೀವು ಒಂದು ಕೈಯಲ್ಲಿ ನನ್ನ ಕೈ ಹಿಡಿದು, ಇನ್ನೊಂದರಲ್ಲಿ ಫೋನ್ ಒತ್ತುತ್ತಿದ್ದಿರಿ. ಆಂಬುಲೆನ್ಸ್ ಕರೆಯುತ್ತಿದ್ದೀರಿ ಅಂದುಕೊಂಡಿದ್ದೆ. ಭಾನುವಾರ ಬರಬೇಡಿ.